ಸಾರ್ವಜನಿಕ ಕಚೇರಿಯ ಸುಸ್ಥಿರತೆಯ ಲೆಕ್ಕ: ನೌಕರರನ್ನು ಸೇರಿಸಿಕೊಂಡು ಮೌಲ್ಯಮಾಪನ ನಡೆಸುವ ಬಗೆ

ಕಾಸರಗೋಡು ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತುಗಳು, 6 ಬ್ಲಾಕ್ ಪಂಚಾಯತುಗಳು ಮತ್ತು 3 ನಗರಸಭೆಗಳಿವೆ. ಇವುಗಳ ಜೊತೆಗೆ ಕೃಷಿ ಭವನ, ಆರೋಗ್ಯ ಕೇಂದ್ರ, ಸರಕಾರಿ ಶಾಲೆ, ಗ್ರಾಮ ಕಚೇರಿ, ಅಂಗನವಾಡಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಜನರ ತೆರಿಗೆಯಿಂದ ನಡೆಯುವ ಸಂಸ್ಥೆ ಇಲ್ಲದ ವಾರ್ಡು ಇಲ್ಲಿ ಸಿಗಲಾರದು. ವಿದ್ಯುತ್ತು, ನೀರು, ತ್ಯಾಜ್ಯ, ಹಸಿರು ಶಿಷ್ಟಾಚಾರ (ಗ್ರೀನ್ ಪ್ರೊಟೊಕಾಲ್) ಎಂದು ಈ ಕಚೇರಿಗಳಿಗೆ ಮೇಲಿನಿಂದ ಒಂದಲ್ಲ ಒಂದು ನಮೂನೆ ಬರುತ್ತಲೇ ಇರುತ್ತದೆ. ಅನೇಕ ಕಡೆ ಕೊನೆಯ ದಿನಾಂಕದ ಮುನ್ನಾದಿನ ಒಬ್ಬರೇ ಕ್ಲರ್ಕ್ ಕುಳಿತು, ಹಿಂದಿನ ವರ್ಷದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನು ತುಂಬಿಬಿಡುತ್ತಾರೆ. ಆ ನಮೂನೆಗೆ ಬೇಕಾದ ನಿಜವಾದ ಅಂಕಿಗಳು ಮಾತ್ರ ಆ ಕ್ಲರ್ಕಿನ ಮೇಜಿನ ಮೇಲೆ ಇರುವುದಿಲ್ಲ. ರಾತ್ರಿ ಉರಿಯುವ ದೀಪ ಯಾವುದೆಂದು ಅಟೆಂಡರಿಗೆ ಗೊತ್ತು, ಏಪ್ರಿಲಿನಲ್ಲಿ ಬಾವಿಯ ನೀರು ಎಷ್ಟು ಕೆಳಗಿಳಿಯುತ್ತದೆಂದು ಸ್ವೀಪರಿಗೆ ಗೊತ್ತು, ಖಾಲಿ ಜೀಪು ಎಷ್ಟು ಸಲ ಓಡಿತೆಂದು ಚಾಲಕರಿಗೆ ಗೊತ್ತು.

ಈ ಮಾರ್ಗದರ್ಶಿ ಮಧ್ಯಮ ಗಾತ್ರದ ಒಂದು ಗ್ರಾಮ ಪಂಚಾಯತು ಕಚೇರಿಯನ್ನು ಕಣ್ಣೆದುರಿಗಿಟ್ಟುಕೊಂಡು ಬರೆದದ್ದು. ಶಾಲೆಗಾಗಲಿ ಆಸ್ಪತ್ರೆಗಾಗಲಿ ಇದನ್ನು ಅನ್ವಯಿಸುವಾಗ ಸೂಚಕಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ನೌಕರರನ್ನು ಕೇಳಬೇಕಾದದ್ದು ಏಕೆ

ಸುಸ್ಥಿರತೆಯೆಂದರೆ ಕಚೇರಿಯ ಅಂಗಳದಲ್ಲಿ ನಾಲ್ಕು ಗಿಡ ನೆಡುವುದಲ್ಲ ಎಂಬುದಕ್ಕೆ ಈ ಜಿಲ್ಲೆಗೆ ಹೊರಗಿನ ಉದಾಹರಣೆ ಬೇಕಿಲ್ಲ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಎಂಬ ಸಾರ್ವಜನಿಕ ಸಂಸ್ಥೆ ತನ್ನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ಆಕಾಶ ಸಿಂಪಡಣೆಗೆ ತಡೆ ಕೋರಿದರು. ದೇಶದಾದ್ಯಂತ ಈ ಕೀಟನಾಶಕವನ್ನು ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಸರಕಾರಿ ಉದ್ಯೋಗಿಯೊಬ್ಬರು ತಾವು ಕಂಡದ್ದನ್ನು ಹೇಳಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು ಎಂಬುದನ್ನು ಮೌಲ್ಯಮಾಪನ ರೂಪಿಸುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಳುವರಿಯನ್ನಷ್ಟೇ ಸಾಧನೆಯೆಂದು ಬರೆಯುವ ವರದಿಯಲ್ಲಿ, ಔಷಧಿ ಕಲಸುವ ಕೆಲಸಗಾರನ ಮೈ ತುರಿಕೆಗಾಗಲಿ ತೋಟದ ಕೆಳಗಿನ ತೋಡಿನಲ್ಲಿ ಸತ್ತು ತೇಲುವ ಮೀನಿಗಾಗಲಿ ಕಾಲಂ ಇರುವುದಿಲ್ಲ. ಆ ಕಾಲಂ ಬೇಕೆಂದು ಹೇಳಬಲ್ಲವರು ಸ್ಥಳದಲ್ಲಿ ಕೆಲಸ ಮಾಡುವವರೇ.

ಒಂದನೆಯ ಹಂತ: ಎಲ್ಲೆಯನ್ನು ಗುರುತಿಸಿ, ಆದೇಶ ಹೊರಡಿಸುವುದು

ಯಾವುದನ್ನು ಅಳೆಯುತ್ತೇವೆ ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಕೆಲಸ ಎಲ್ಲಿಗೂ ಮುಟ್ಟುವುದಿಲ್ಲ. ಸುಸ್ಥಿರತಾ ವರದಿಗಳ ಮಾನದಂಡಗಳನ್ನು ರೂಪಿಸುವ ಜಿಆರ್‌ಐ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2005ರಲ್ಲಿ ಸಾರ್ವಜನಿಕ ಸಂಸ್ಥೆಗಳಿಗಾಗಿ ಹೊರತಂದ ಪ್ರಾಯೋಗಿಕ ಪೂರಕದಲ್ಲಿ ಮೂರು ಪದರಗಳನ್ನು ಬೇರ್ಪಡಿಸಿತ್ತು: ಸಂಸ್ಥೆಯ ಸ್ವಂತ ನಡವಳಿಕೆ, ಅದು ಜಾರಿಗೊಳಿಸುವ ನೀತಿ ಮತ್ತು ಯೋಜನೆಗಳು, ಹಾಗೂ ಅದರ ವ್ಯಾಪ್ತಿಯ ಪರಿಸರದ ಸ್ಥಿತಿ. ಈ ವಿಂಗಡಣೆ ಇಂದಿಗೂ ಉಪಯುಕ್ತ. ಪಂಚಾಯತು ಕಚೇರಿಯ ವಿದ್ಯುತ್ ಬಿಲ್ಲು ಮೊದಲನೆಯದು, ಪಂಚಾಯತು ನಿರ್ಮಿಸಿದ ತಡೆಗೋಡೆಗಳು ಎರಡನೆಯದು, ವಾರ್ಡಿನ ಬಾವಿಗಳ ನೀರಿನ ಮಟ್ಟ ಮೂರನೆಯದು. ಮೊದಲ ವರ್ಷ ಮೊದಲನೆಯ ಪದರವನ್ನು ಪೂರ್ತಿಯಾಗಿಯೂ ಎರಡನೆಯದರಿಂದ ಒಂದೆರಡು ವಿಷಯಗಳನ್ನೂ ತೆಗೆದುಕೊಂಡರೆ ಸಾಕು. ಮೂರನ್ನೂ ಒಟ್ಟಿಗೆ ಹಿಡಿಯಲು ಹೋದವರು ಮಳೆಗಾಲದೊಳಗೆ ಸುಸ್ತಾಗುತ್ತಾರೆ.

ಆಡಳಿತ ಸಮಿತಿಯ ನಿರ್ಣಯವೊಂದು ಮತ್ತು ಅದರ ಆಧಾರದಲ್ಲಿ ಕಾರ್ಯದರ್ಶಿಯ ಕಚೇರಿ ಆದೇಶವೊಂದು ಬೇಕು. ಆದೇಶದಲ್ಲಿ ಅವಧಿ (ಏಪ್ರಿಲ್ 1ರಿಂದ ಮಾರ್ಚ್ 31), ತಂಡದ ರಚನೆ ಮತ್ತು ಇದಕ್ಕೆ ತೆಗೆದಿರಿಸುವ ಕೆಲಸದ ಸಮಯವಿರಲಿ. ಬಹಳ ಮುಖ್ಯವಾದ ಇನ್ನೊಂದು ವಾಕ್ಯವೂ ಇರಲಿ: ಈ ಮೌಲ್ಯಮಾಪನದಲ್ಲಿ ದೊರೆತ ಯಾವ ಮಾಹಿತಿಯನ್ನೂ ಯಾವುದೇ ನೌಕರರ ವಿರುದ್ಧ ಶಿಸ್ತು ಕ್ರಮಕ್ಕಾಗಲಿ, ವೈಯಕ್ತಿಕ ಕಾರ್ಯಕ್ಷಮತೆಯ ವರದಿಗಾಗಲಿ ಬಳಸುವುದಿಲ್ಲ. ಈ ವಾಕ್ಯವಿಲ್ಲದೆ ಚಾಲಕರಿಂದ ಸರಿಯಾದ ಲಾಗ್ ಬುಕ್ಕನ್ನು ನಿರೀಕ್ಷಿಸುವುದು ವ್ಯರ್ಥ. ನೌಕರರ ಸಂಘಟನೆಗಳ ಪ್ರತಿನಿಧಿಗಳಿಗೆ ಆದೇಶದ ಕರಡನ್ನು ಮೊದಲೇ ತೋರಿಸುವುದು ಒಳ್ಳೆಯದು, ಏಕೆಂದರೆ ಆಮೇಲೆ ಏಳುವ ಸಂಶಯಗಳನ್ನು ಶಮನಗೊಳಿಸುವುದಕ್ಕಿಂತ ಮೊದಲೇ ಬರುವ ಆಕ್ಷೇಪಕ್ಕೆ ಉತ್ತರಿಸುವುದು ಸುಲಭ.

ಎರಡನೆಯ ಹಂತ: ತಂಡ ಕಟ್ಟುವುದು

ಎಂಟರಿಂದ ಹತ್ತು ಮಂದಿಯ ತಂಡ ಸಾಕು. ಹುದ್ದೆಯ ಏಣಿಯನ್ನು ನೋಡಿ ಆರಿಸದೆ, ವಿದ್ಯುತ್ತು, ನೀರು, ಇಂಧನ, ಕಾಗದ ಮತ್ತು ತ್ಯಾಜ್ಯ ಯಾರ ಕೈಯಿಂದ ಹಾದುಹೋಗುತ್ತವೆ ಎಂದು ನೋಡಿ ಆರಿಸಬೇಕು. ಹಾಗೆ ನೋಡಿದರೆ ಸ್ಟಾಕ್ ರಿಜಿಸ್ಟರು ಇಟ್ಟುಕೊಳ್ಳುವ ಕ್ಲರ್ಕ್, ಆಫೀಸ್ ಅಟೆಂಡರ್, ಪಾರ್ಟ್ ಟೈಮ್ ಸ್ವೀಪರ್, ಚಾಲಕ, ಎಂಜಿನಿಯರಿಂಗ್ ವಿಭಾಗದ ಓವರ್ಸಿಯರ್, ವಿಲೇಜ್ ಎಕ್ಸ್‌ಟೆನ್ಶನ್ ಆಫೀಸರ್, ಫ್ರಂಟ್ ಆಫೀಸಿನಲ್ಲಿ ಜನರನ್ನು ಎದುರಿಸುವ ಒಬ್ಬರು, ಒಬ್ಬ ಅಂಗನವಾಡಿ ಕಾರ್ಯಕರ್ತೆ ಮತ್ತು ಮನೆ ಮನೆಯಿಂದ ತ್ಯಾಜ್ಯ ಸಂಗ್ರಹಿಸುವ ಹರಿತಕರ್ಮ ಸೇನೆಯ ಇಬ್ಬರು ತಾವಾಗಿಯೇ ಪಟ್ಟಿಯಲ್ಲಿ ಬರುತ್ತಾರೆ. ಕಾರ್ಯದರ್ಶಿ ಮೇಲ್ವಿಚಾರಕರಾಗಿರಲಿ, ತಂಡದ ಸಂಚಾಲಕರು ಬೇರೆಯವರಿರಲಿ.

ಹರಿತಕರ್ಮ ಸೇನೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹೆಚ್ಚಾಗಿ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಜಾಲದಿಂದ ಬಂದ ಈ ಮಹಿಳೆಯರು ಸರಕಾರಿ ನೌಕರರ ಪಟ್ಟಿಯಲ್ಲಿಲ್ಲ. ಮನೆ ಮನೆಗಳಿಂದ ಸಿಗುವ ಬಳಕೆದಾರ ಶುಲ್ಕವೇ ಅವರ ಸಂಪಾದನೆಯ ಮುಖ್ಯ ಮೂಲ. ಆದ್ದರಿಂದ ಸಂಗ್ರಹದ ದಿನ ಅವರನ್ನು ಸಭೆಗೆ ಕರೆದರೆ ಅವರ ಆ ದಿನದ ದುಡಿಮೆ ಹೋಗುತ್ತದೆ. ಸಂಬಳ ಪಡೆಯುವವರಿಗೆ ಅದೇ ಸಭೆ ವಿರಾಮದಂತಿರುತ್ತದೆ. ಸಭೆಗೆ ಹಾಜರಾದ ಸಮಯಕ್ಕೆ ಗೌರವಧನ ನಿಗದಿಪಡಿಸಿ, ಅದನ್ನು ಆದೇಶದಲ್ಲಿಯೇ ನಮೂದಿಸಬೇಕು. ಅವರನ್ನು ಕರೆದು ಚಹಾ ಕೊಟ್ಟು ಕಳುಹಿಸುವ ಪದ್ಧತಿಯನ್ನು ನಾನು ಭಾಗವಹಿಸುವಿಕೆಯೆಂದು ಒಪ್ಪುವುದಿಲ್ಲ.

ಮೂರನೆಯ ಹಂತ: ಯಾವ ಭಾಷೆಯಲ್ಲಿ ಕೇಳುವುದು

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕಚೇರಿಗಳಲ್ಲಿ ಒಂದೇ ಮೇಜಿನ ಸುತ್ತ ಕನ್ನಡ, ಮಲಯಾಳಂ, ತುಳು, ಬ್ಯಾರಿ, ಕೊಂಕಣಿ ಮಾತಾಡುವವರಿರುತ್ತಾರೆ. ಮಲಯಾಳದಲ್ಲಿ ಮಾತ್ರ ಬಂದ ಪ್ರಶ್ನಾವಳಿಗೆ ಕನ್ನಡ ಶಾಲೆಯಲ್ಲಿ ಓದಿ ಬಂದ ಅಟೆಂಡರ್ ಎಲ್ಲದಕ್ಕೂ ‘ಹೌದು’ ಎಂದು ಗುರುತು ಹಾಕಿ ಕೊಡುತ್ತಾರೆ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಕ್ಲರ್ಕಿಗೆ ಕನ್ನಡದಲ್ಲಿ ಮಾತ್ರ ಕೊಟ್ಟರೂ ಫಲಿತಾಂಶ ಅದೇ. ಭಾಷಾ ಅಲ್ಪಸಂಖ್ಯಾತರು ತಮ್ಮ ಪ್ರದೇಶಗಳಲ್ಲಿ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಅವಕಾಶ ನೀಡಿದೆ. ಜನರಿಗೆ ದೊರೆತ ಆ ಅವಕಾಶ ಕಚೇರಿಯ ಒಳಗಿನ ಪ್ರಶ್ನಾವಳಿಗೂ ದೊರೆಯಲಿ. ಎರಡೂ ಲಿಪಿಗಳಲ್ಲಿ ಒಂದೇ ಹಾಳೆಯನ್ನು ಮುದ್ರಿಸಿ, ಬರೆಯಲು ಹಿಂಜರಿಯುವವರ ಉತ್ತರಗಳನ್ನು ಸಂಚಾಲಕರು ಮಾತಿನಲ್ಲಿಯೇ ಕೇಳಿ ಬರೆದುಕೊಳ್ಳಬೇಕು. ಪ್ರಶ್ನೆಗಳು ಕಣ್ಣಿಗೆ ಕಾಣುವ ವಿಷಯಗಳನ್ನು ಕುರಿತಿರಲಿ. ‘ಸಂಪನ್ಮೂಲಗಳ ದಕ್ಷ ಬಳಕೆಯಾಗುತ್ತಿದೆಯೇ?’ ಎಂಬ ಪ್ರಶ್ನೆಯಿಂದ ಏನೂ ದೊರೆಯುವುದಿಲ್ಲ. ‘ಕಳೆದ ವಾರ ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುವುದನ್ನು ಎಲ್ಲಿ ನೋಡಿದಿರಿ?’ ಎಂದು ಕೇಳಿದರೆ ಕೋಣೆಯ ಹೆಸರು ಸಿಗುತ್ತದೆ.

ನಾಲ್ಕನೆಯ ಹಂತ: ಸೂಚಕಗಳನ್ನು ಆರಿಸುವುದು

ಕೇಂದ್ರ ಪಂಚಾಯತಿರಾಜ್ ಸಚಿವಾಲಯ ಸುಸ್ಥಿರ ಅಭಿವೃದ್ಧಿ ಗುರಿಗಳನ್ನು 9 ವಿಷಯಗಳಾಗಿ ಸ್ಥಳೀಯಗೊಳಿಸಿದೆ. 2022–23ನೆಯ ಸಾಲಿನ ಪಂಚಾಯತು ಪ್ರಗತಿ ಸೂಚ್ಯಂಕ 435 ಸೂಚಕಗಳನ್ನು ಒಳಗೊಂಡಿತ್ತು. ಅದು ಪಂಚಾಯತು ಪ್ರದೇಶದ ಒಟ್ಟು ಚಿತ್ರಕ್ಕೆ ಬೇಕಾದದ್ದು. ನೌಕರರೊಂದಿಗೆ ನಡೆಸುವ ಕಚೇರಿಯ ಮೌಲ್ಯಮಾಪನಕ್ಕೆ ಹತ್ತು ಹನ್ನೆರಡು ಸೂಚಕಗಳಿಗಿಂತ ಹೆಚ್ಚು ಬೇಡ.

ಆರಿಸುವ ಮೊದಲು ತಂಡವೆಲ್ಲ ಒಂದು ಮಧ್ಯಾಹ್ನ ಕಚೇರಿಯನ್ನು ಸುತ್ತಬೇಕು. ಗೇಟಿನಿಂದ ಆರಂಭಿಸಿ ರೆಕಾರ್ಡ್ ಕೋಣೆ, ಶೌಚಾಲಯ, ಪಂಪು, ಟ್ಯಾಂಕು, ಜೀಪು ನಿಲ್ಲುವ ಜಾಗ, ಹಿತ್ತಿಲಿನ ಕಸದ ಮೂಲೆಯವರೆಗೆ ಹೋಗಬೇಕು. ಪ್ರತಿ ಸ್ಥಳದಲ್ಲಿ ಅಲ್ಲಿ ಕೆಲಸ ಮಾಡುವವರು ಮಾತಾಡಲಿ, ಉಳಿದವರು ಕೇಳಲಿ. ಸುತ್ತು ಮುಗಿದ ಮೇಲೆ ಪ್ರತಿಯೊಬ್ಬರೂ ತಮಗೆ ಮುಖ್ಯವೆನಿಸಿದ ಐದು ವಿಷಯಗಳನ್ನು ಚೀಟಿಗಳಲ್ಲಿ ಬರೆದು, ಒಂದೇ ತೆರನಾದ ಚೀಟಿಗಳನ್ನು ಒಟ್ಟುಗೂಡಿಸಿದರೆ ಪಟ್ಟಿ ಸಿದ್ಧ. ಹೊರಗಿನವರು ತಯಾರಿಸಿದ ಪಟ್ಟಿಯಲ್ಲಿ ಇರದ ಸಂಗತಿಗಳು ಇಲ್ಲಿ ಮೇಲೆ ಬರುತ್ತವೆ: ಸ್ವೀಪರಿಗೆ ಕೈಗವಸು ಇಲ್ಲ, ಅಂಗವಿಕಲರ ಇಳಿಜಾರಿನಲ್ಲಿ ಬೈಕುಗಳು ನಿಲ್ಲುತ್ತವೆ, ಮಹಿಳಾ ನೌಕರರ ಶೌಚಾಲಯದಲ್ಲಿ ಬೇಸಗೆಯಲ್ಲಿ ನೀರಿಲ್ಲ. ಇವೂ ಸುಸ್ಥಿರತೆಯ ಸಾಮಾಜಿಕ ಮುಖವೇ ಆದುದರಿಂದ ಇವನ್ನು ‘ದೂರುಗಳು’ ಎಂದು ಬದಿಗೆ ಸರಿಸಬಾರದು.

ಪ್ರತಿ ಸೂಚಕದ ಎದುರು ಅದರ ಮಾನ, ದಾಖಲೆಯ ಮೂಲ, ಅಳೆಯುವ ದಿನ ಮತ್ತು ಒಬ್ಬರೇ ಒಬ್ಬರ ಹೆಸರು ಇರಬೇಕು. ಇಬ್ಬರ ಹೆಸರಿದ್ದರೆ ಯಾರೂ ಅಳೆಯುವುದಿಲ್ಲ.

ಐದನೆಯ ಹಂತ: ಅಳೆಯುವುದು

ಈ ಹಂತವೇ ಇಡೀ ಕೆಲಸದ ಜೀವಾಳವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ವಿದ್ಯುತ್ತಿನಿಂದ ಆರಂಭಿಸೋಣ. ಕೆಎಸ್‌ಇಬಿಯ ಬಿಲ್ಲಿಗಾಗಿ ಕಾಯದೆ, ಪ್ರತಿ ತಿಂಗಳ ಮೊದಲ ಕೆಲಸದ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಅಟೆಂಡರ್ ಮೀಟರಿನ ಅಂಕಿಯನ್ನು ಗೋಡೆಗೆ ತೂಗುಹಾಕಿದ ಹಾಳೆಯಲ್ಲಿ ಬರೆಯಲಿ. ಒಂದು ಶನಿವಾರ ಸಂಜೆ ಬೀಗ ಹಾಕುವಾಗಲೂ ಮುಂದಿನ ಸೋಮವಾರ ಬೆಳಿಗ್ಗೆ ಬೀಗ ತೆಗೆಯುವಾಗಲೂ ಅಂಕಿ ಬರೆದುಕೊಂಡರೆ, ಯಾರೂ ಇಲ್ಲದ ಹೊತ್ತಿನಲ್ಲಿ ಕಚೇರಿ ಎಷ್ಟು ಯೂನಿಟ್ ತಿನ್ನುತ್ತದೆ ಎಂಬುದು ಬಯಲಾಗುತ್ತದೆ. ಸರ್ವರ್, ಯುಪಿಎಸ್, ಹೊರಗಿನ ದೀಪಗಳಿಗೆ ಸ್ವಲ್ಪ ಹೋಗುವುದು ಸಹಜ. ಅದಕ್ಕಿಂತ ಹೆಚ್ಚಾದರೆ ಯಾವುದೋ ಸ್ವಿಚ್ಚು ಹುಡುಕಬೇಕೆಂದು ಅರ್ಥ. ಫ್ಯಾನುಗಳ ಲೆಕ್ಕವನ್ನು ತಂಡವೇ ಮಾಡಬಹುದು. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟ್ ಬಳಸುತ್ತದೆ. ಇಪ್ಪತ್ತು ಫ್ಯಾನುಗಳು ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ತಿರುಗುತ್ತವೆಂದುಕೊಂಡರೆ ಉಳಿತಾಯ 1,800 ಯೂನಿಟ್. ನಮ್ಮ ದೇಶದ ಗ್ರಿಡ್ಡಿನ ವಿದ್ಯುತ್ತಿಗೆ ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ 1,260 ಕಿಲೋಗ್ರಾಂ ತಪ್ಪುತ್ತದೆ. ಈ ಗುಣಾಕಾರವನ್ನು ಅಧಿಕಾರಿಯೊಬ್ಬರು ಪರದೆಯ ಮೇಲೆ ತೋರಿಸುವುದಕ್ಕೂ ಅಟೆಂಡರ್ ಸ್ವತಃ ಮೊಬೈಲಿನಲ್ಲಿ ಮಾಡಿ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ವಾಹನದ ಲೆಕ್ಕಕ್ಕೆ ಲಾಗ್ ಬುಕ್ ಇದ್ದೇ ಇದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಿಲೋಮೀಟರಿನ ಜೊತೆಗೆ ‘ಜೀಪಿನಲ್ಲಿ ಎಷ್ಟು ಮಂದಿ ಇದ್ದರು’ ಎಂಬ ಒಂದು ಕಾಲಂ ಸೇರಿಸಿದರೆ, ಒಂದೇ ದಿಕ್ಕಿನ ಎರಡು ವಾರ್ಡುಗಳಿಗೆ ಒಂದೇ ವಾರದಲ್ಲಿ ಎರಡು ಸಲ ಹೋದದ್ದು ತಾನಾಗಿ ಕಾಣುತ್ತದೆ.

ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಯ ಪರಿಸ್ಥಿತಿ ವಿಚಿತ್ರವಾದದ್ದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿದರೂ ಮುರಕಲ್ಲಿನ ಗುಡ್ಡಗಳಿಂದ ನೀರು ಬೇಗನೆ ಇಳಿದುಹೋಗಿ, ಮಾರ್ಚ್ ಕಳೆಯುವಾಗ ಬಾವಿ ತಳ ಕಾಣುತ್ತದೆ. ಇಲ್ಲಿಯ ಹಿರಿಯರು ನೀರಿಗಾಗಿ ಗುಡ್ಡಕ್ಕೆ ಸುರಂಗ ಕೊರೆದು, ತೋಡುಗಳಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟಿ ಬದುಕಿದ್ದು ಈ ಕಾರಣಕ್ಕೇ. ಕಚೇರಿಯ ಬಾವಿಯ ಹಗ್ಗಕ್ಕೆ ಮೀಟರಿಗೊಂದರಂತೆ ಬಣ್ಣದ ಗುರುತು ಹಾಕಿ, ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಬರೆಯುವುದಕ್ಕೆ ಯಾವ ಉಪಕರಣವೂ ಬೇಡ. ಅದರ ಪಕ್ಕದಲ್ಲೇ ಇನ್ನೊಂದು ಲೆಕ್ಕ ಬರೆಯಬೇಕು: 200 ಚದರ ಮೀಟರಿನ ಛಾವಣಿಯ ಮೇಲೆ ವರ್ಷದಲ್ಲಿ 7 ಲಕ್ಷ ಲೀಟರ್ ಮಳೆನೀರು ಬೀಳುತ್ತದೆ, ಶೇಕಡಾ 80ರಷ್ಟನ್ನು ಹಿಡಿದು ಬಾವಿಗೆ ಇಳಿಸಿದರೂ 5,60,000 ಲೀಟರ್. ಛಾವಣಿಯ ಪೈಪು ಬಾವಿಗೆ ಸೇರಿದೆಯೇ, ಅಥವಾ ಸೇರಿದೆಯೆಂದು ವರದಿಯಲ್ಲಿ ಬರೆದು ಪೈಪು ಮುರಿದು ಬಿದ್ದಿದೆಯೇ ಎಂಬುದನ್ನು ಜೂನ್ ತಿಂಗಳ ಮೊದಲ ಮಳೆಗೆ ಹೊರಗೆ ನಿಂತು ನೋಡಿದರೆ ತಿಳಿಯುತ್ತದೆ.

ತ್ಯಾಜ್ಯವನ್ನು ಮೂರು ತಿಂಗಳಿಗೊಮ್ಮೆ, ಒಂದು ಇಡೀ ವಾರ, ತೂಗುತಕ್ಕಡಿಯಿಂದ ತೂಗಬೇಕು. ಇಲ್ಲಿ ಹರಿತಕರ್ಮ ಸೇನೆಯವರೇ ಗುರುಗಳು. ಚೀಲವನ್ನು ಸುರುವಿ, ಹಾಲಿನ ಪ್ಯಾಕೆಟ್, ಚಿಪ್ಸಿನ ಹೊಳೆಯುವ ಪೊಟ್ಟಣ, ಕಾಗದ, ನೀರಿನ ಬಾಟಲಿ, ಫ್ಲೆಕ್ಸಿನ ತುಂಡು ಎಂದು ಅವರು ಬೇರ್ಪಡಿಸುವ ವೇಗ ನೋಡಿದರೆ, ಯಾವುದು ಮಾರಾಟವಾಗುತ್ತದೆ ಯಾವುದು ಯಾರಿಗೂ ಬೇಡದೆ ಸಂಗ್ರಹ ಕೇಂದ್ರದಲ್ಲಿ ಕೊಳೆಯುತ್ತದೆ ಎಂಬುದು ಉಳಿದ ನೌಕರರಿಗೆ ಆಗ ಅರ್ಥವಾಗುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ಕೇರಳದಲ್ಲಿ 2020ರ ಜನವರಿ 1ರಿಂದ ನಿಷೇಧವಿದೆ. ಹಾಗಿದ್ದೂ ಕಾರ್ಯಕ್ರಮವೊಂದು ನಡೆದ ಮರುದಿನದ ಚೀಲವನ್ನು ಪ್ರತ್ಯೇಕವಾಗಿ ತೂಗುವುದು ಉಪಯುಕ್ತ. ಮುಜುಗರದ ಅಂಕಿಗಳು ಸಿಗುವುದು ಆ ಚೀಲದಲ್ಲಿಯೇ.

ಕಾಗದಕ್ಕೆ ಸ್ಟಾಕ್ ರಿಜಿಸ್ಟರಿನ ರೀಮುಗಳ ಸಂಖ್ಯೆ ಸಾಕು. 2024ರ ಜನವರಿಯಲ್ಲಿ ನಗರಸಭೆಗಳಲ್ಲಿ ಆರಂಭವಾಗಿ ಬಳಿಕ ಗ್ರಾಮ ಪಂಚಾಯತುಗಳಿಗೂ ಬಂದ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ಸೇವಾ ವ್ಯವಸ್ಥೆಯಿಂದ ಕಾಗದ ಕಡಿಮೆಯಾಯಿತೇ, ಅಥವಾ ಪರದೆಯಲ್ಲಿರುವುದನ್ನೆಲ್ಲ ಮುದ್ರಿಸಿ ಫೈಲಿಗೆ ಸೇರಿಸುವ ಅಭ್ಯಾಸ ಮುಂದುವರಿದಿದೆಯೇ ಎಂಬುದಕ್ಕೆ ಹಿಂದಿನ ಮತ್ತು ಈಗಿನ ವರ್ಷದ ರೀಮುಗಳೇ ಉತ್ತರ ಕೊಡುತ್ತವೆ.

ಆರನೆಯ ಹಂತ: ಅಂಕ ಕೊಡುವುದು

ಅಂಕಿಗಳು ಕೈಗೆ ಬಂದ ಮೇಲೆ ‘ಇದು ಒಳ್ಳೆಯದೋ ಕೆಟ್ಟದ್ದೋ’ ಎಂದು ಹೇಳುವ ಕೆಲಸ ಉಳಿಯುತ್ತದೆ. ಯುರೋಪಿನ ಸಾರ್ವಜನಿಕ ಸಂಸ್ಥೆಗಳಿಗಾಗಿ 2000ದಲ್ಲಿ ರೂಪುಗೊಂಡ ಸಾಮಾನ್ಯ ಮೌಲ್ಯಮಾಪನ ಚೌಕಟ್ಟಿನಿಂದ ಒಂದು ಪದ್ಧತಿಯನ್ನು ಹಾಗೆಯೇ ಎತ್ತಿಕೊಳ್ಳಬಹುದು: ನೌಕರರ ತಂಡದ ಪ್ರತಿಯೊಬ್ಬ ಸದಸ್ಯರೂ ಮೊದಲು ಒಬ್ಬರೇ ಕುಳಿತು ಅಂಕ ಕೊಡುತ್ತಾರೆ, ಆಮೇಲೆ ಎಲ್ಲರೂ ಸೇರಿ ಚರ್ಚಿಸಿ ಒಮ್ಮತಕ್ಕೆ ಬರುತ್ತಾರೆ. ಸೊನ್ನೆಯಿಂದ ನಾಲ್ಕರವರೆಗಿನ ಅಳತೆ ಸಾಕು. ಏನೂ ನಡೆದಿಲ್ಲವಾದರೆ 0, ಮಾತಿನಲ್ಲಿದೆ ದಾಖಲೆಯಿಲ್ಲವಾದರೆ 1, ಆರಂಭವಾಗಿದೆ ಆದರೆ ನಿಯತವಾಗಿಲ್ಲವಾದರೆ 2, ನಿಯತವಾಗಿದ್ದು ದಾಖಲೆಯೂ ಇದ್ದರೆ 3, ಹಿಂದಿನ ವರ್ಷಕ್ಕಿಂತ ಸುಧಾರಣೆಯನ್ನು ಅಂಕಿಗಳಿಂದ ತೋರಿಸಬಹುದಾದರೆ 4. ಅಂಕದ ಪಕ್ಕದಲ್ಲಿ ಅದಕ್ಕೆ ಆಧಾರವೇನೆಂದು ಒಂದು ಸಾಲು ಬರೆಯಲೇಬೇಕು.

ಒಮ್ಮತದ ಸಭೆಯಲ್ಲಿ ಮಾತಿನ ಸರದಿ ಕೆಳಗಿನ ಹುದ್ದೆಯಿಂದ ಮೇಲಕ್ಕೆ ಸಾಗಲಿ. ಕಾರ್ಯದರ್ಶಿ ಮೊದಲು ಬಾಯಿ ತೆರೆದರೆ ಉಳಿದವರ ಅಂಕಗಳೆಲ್ಲ ಅತ್ತಲೇ ವಾಲುತ್ತವೆ. ಸರಾಸರಿ ತೆಗೆದು ಮುಗಿಸುವುದು ಇಲ್ಲಿಯ ದೊಡ್ಡ ಪ್ರಲೋಭನೆ. ನೀರಿನ ವ್ಯವಸ್ಥೆಗೆ ಸೂಪರಿಂಟೆಂಡೆಂಟ್ 4 ಕೊಟ್ಟು ಸ್ವೀಪರ್ 1 ಕೊಟ್ಟರೆ, 2.5 ಎಂಬ ಸರಾಸರಿಯಲ್ಲಿ ಇಬ್ಬರ ಸತ್ಯವೂ ಮುಳುಗಿಹೋಗುತ್ತದೆ. ನಲ್ಲಿಯಲ್ಲಿ ನೀರು ಬರುವುದನ್ನು ನೋಡಿ ಸೂಪರಿಂಟೆಂಡೆಂಟ್ ಅಂಕ ಕೊಟ್ಟಿರುತ್ತಾರೆ. ಏಪ್ರಿಲಿನಲ್ಲಿ ಪಕ್ಕದ ಮನೆಯ ಬಾವಿಯಿಂದ ಬಕೆಟಿನಲ್ಲಿ ಹೊತ್ತು ತಂದದ್ದನ್ನು ನೆನೆದು ಸ್ವೀಪರ್ ಕೊಟ್ಟಿರುತ್ತಾರೆ. ಎರಡು ಅಥವಾ ಹೆಚ್ಚು ಅಂಕಗಳ ವ್ಯತ್ಯಾಸ ಬಂದ ಪ್ರತಿ ವಿಷಯವನ್ನೂ ಮಾತಾಡಿಯೇ ತೀರ್ಮಾನಿಸಬೇಕು, ಒಪ್ಪಿಗೆ ಆಗದಿದ್ದರೆ ಎರಡೂ ಅಂಕಗಳನ್ನು ವರದಿಯಲ್ಲಿ ಹಾಗೆಯೇ ಇಡಬೇಕು.

ಏಳನೆಯ ಹಂತ: ಪರಿಶೀಲನೆ ಮತ್ತು ಪ್ರಕಟಣೆ

ತಮ್ಮ ಉತ್ತರಪತ್ರಿಕೆಗೆ ತಾವೇ ಅಂಕ ಹಾಕಿಕೊಂಡರೆಂಬ ಆಕ್ಷೇಪ ಬಂದೇ ಬರುತ್ತದೆ. ಪಕ್ಕದ ಪಂಚಾಯತಿನ ತಂಡದೊಂದಿಗೆ ಅದಲು ಬದಲು ಪರಿಶೀಲನೆ ಮಾಡಿಕೊಳ್ಳುವುದು ಖರ್ಚಿಲ್ಲದ ಉಪಾಯ. ಉದಾಹರಣೆಗೆ ಪುತ್ತಿಗೆಯವರು ಬದಿಯಡ್ಕಕ್ಕೆ, ಬದಿಯಡ್ಕದವರು ಪುತ್ತಿಗೆಗೆ ಹೋಗಿ ಮೂರು ಸೂಚಕಗಳನ್ನು ಆರಿಸಿ ಮೂಲ ದಾಖಲೆಯವರೆಗೆ ನೋಡಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ರಾಜ್ಯ ಸರಕಾರದ ಹರಿತ ಕೇರಳಂ ಮಿಷನ್‌ನ ಹಸಿರು ಕಚೇರಿ ಪರಿಶೀಲನೆ ನಡೆದ ಕಚೇರಿಗಳಲ್ಲಿ ಅದರ ಫಲಿತಾಂಶವನ್ನೂ ನೌಕರರ ಅಂಕಗಳನ್ನೂ ಎದುರುಬದುರಾಗಿ ಇಡಬಹುದು. ಎರಡಕ್ಕೂ ವ್ಯತ್ಯಾಸವಿದ್ದಲ್ಲಿ ಯಾವ ದಾಖಲೆಯನ್ನು ನೋಡಿ ಅಂಕ ಬಿದ್ದಿತೆಂದು ಕೇಳುವುದು ಸೂಕ್ತ.

ವರದಿ ಎರಡು ಪುಟ ಮೀರದಿರಲಿ. ಅದನ್ನು ನೋಟಿಸ್ ಬೋರ್ಡಿನಲ್ಲಿ ಕನ್ನಡ ಮತ್ತು ಮಲಯಾಳದಲ್ಲಿ ಹಾಕಿ, ಗ್ರಾಮಸಭೆಯಲ್ಲಿ ತಂಡದ ನೌಕರರೇ ಓದಬೇಕು. ಕಡಿಮೆ ಅಂಕಗಳನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಮಾಹಿತಿ ಹಕ್ಕಿನ ಅರ್ಜಿಯೊಂದು ಬಂದರೆ ಹೇಗೂ ಹೊರಬರುವುದೇ.

ಎಂಟನೆಯ ಹಂತ: ಕೈಗೊಂಡ ಕ್ರಮವನ್ನು ನೌಕರರಿಗೆ ತಿಳಿಸುವುದು

ನೌಕರರ ಉತ್ಸಾಹ ಇಳಿಯುವುದು ತಾವು ಹೇಳಿದ ಮಾತಿಗೆ ಏನಾಯಿತೆಂದು ತಿಳಿಯದಿದ್ದಾಗ. ಸಲಹೆಗಳನ್ನು ಮೂರಾಗಿ ವಿಂಗಡಿಸಿ, ಹಣ ಬೇಡದವುಗಳನ್ನು ಆ ತಿಂಗಳಲ್ಲೇ ಜಾರಿಗೊಳಿಸಬೇಕು: ಸ್ವಿಚ್ಚುಗಳಿಗೆ ಹೆಸರಿನ ಚೀಟಿ, ಜೀಪಿನ ವಾರದ ಮಾರ್ಗಪಟ್ಟಿ, ಎರಡೂ ಬದಿ ಮುದ್ರಣ, ಎಸಿ ಇದ್ದಲ್ಲಿ 24 ಡಿಗ್ರಿ. ಸ್ವಲ್ಪ ಹಣ ಬೇಕಾದವು ಸ್ವಂತ ನಿಧಿಯಿಂದ ಆಗಲಿ. ಫ್ಯಾನು ಬದಲಾವಣೆ, ಛಾವಣಿ ಸೌರಫಲಕ, ಮಳೆನೀರಿನ ಪೈಪುಗಳಂತಹ ದೊಡ್ಡ ಕೆಲಸಗಳನ್ನು ಸ್ಥಾಯಿ ಸಮಿತಿಯ ಮೂಲಕ ವಾರ್ಷಿಕ ಯೋಜನೆಗೆ ಕಳುಹಿಸಬೇಕು. ಸಾಧ್ಯವಾಗದ ಸಲಹೆಗಳಿಗೆ ‘ಏಕೆ ಸಾಧ್ಯವಿಲ್ಲ’ ಎಂಬ ಉತ್ತರವನ್ನು ಬರವಣಿಗೆಯಲ್ಲಿ ಕೊಡುವುದು ಕಡ್ಡಾಯವಾಗಲಿ. ಸ್ವೀಪರ್ ಕೇಳಿದ ಕೈಗವಸು ಬಂದು, ಫಲಕಗಳು ಒಂದು ವರ್ಷ ತಡವಾದರೂ ತಂಡ ಉಳಿಯುತ್ತದೆ. ಅದು ಹಿಂದುಮುಂದಾದರೆ ಮುಂದಿನ ವರ್ಷ ಸಭೆಗೆ ಬರುವವರು ಕಡಿಮೆಯಾಗುತ್ತಾರೆ.

ವರ್ಗಾವಣೆಗೆ ಮುನ್ನ

ಸಾರ್ವತ್ರಿಕ ವರ್ಗಾವಣೆಯ ಕಾಲದಲ್ಲಿ ಇಡೀ ವ್ಯವಸ್ಥೆ ಕುಸಿಯುವುದು ಸಾಮಾನ್ಯ. ಉತ್ತರ ತುದಿಯ ಈ ಜಿಲ್ಲೆಯಿಂದ ಊರಿಗೆ ಮರಳಲು ಕಾಯುವವರು ಹೆಚ್ಚಾಗಿರುವುದರಿಂದ ಇಲ್ಲಿ ಆ ತೊಂದರೆ ಇನ್ನಷ್ಟು ತೀವ್ರ. ಅಟೆಂಡರ್, ಸ್ವೀಪರ್, ಹರಿತಕರ್ಮ ಸೇನೆಯವರು ಸಾಮಾನ್ಯವಾಗಿ ಸ್ಥಳೀಯರೇ ಆದುದರಿಂದ, ಸಾಧ್ಯವಾದಷ್ಟು ಸೂಚಕಗಳ ಹೊಣೆ ಅವರಲ್ಲಿರಲಿ. ಉಳಿದವರು ಅಧಿಕಾರ ಹಸ್ತಾಂತರಿಸುವಾಗ ಬೀಗದ ಕೈ ಮತ್ತು ಫೈಲುಗಳ ಪಟ್ಟಿಯೊಂದಿಗೆ ಒಂದು ಹಾಳೆಯನ್ನೂ ಸಹಿ ಹಾಕಿ ಕೊಡಬೇಕು: ತಾವು ನೋಡಿಕೊಳ್ಳುತ್ತಿದ್ದ ಸೂಚಕ, ಕೊನೆಯ ಅಂಕಿ, ಅಂಕಿ ಬರೆದಿರುವ ರಿಜಿಸ್ಟರು, ಮುಂದಿನ ಅಳತೆಯ ದಿನಾಂಕ. ಹೊಸಬರು ಆ ದಿನಾಂಕಕ್ಕೆ ಹಿಂದಿನವರ ಬದಲಿಗೆ ಯಾರ ಜೊತೆ ಹೋಗಿ ಮೀಟರ್ ನೋಡಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿಡಬೇಕು.